ಗಾಲಿ ಮೇಲಿನ ಮನೆ ಎಲ್ಲಿ ಇಳಿಯಬೇಕು?

ಬನದ ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇದೆ ಎನ್ನುವಾಗಲೇ ಸಂಗೊಳ್ಳಿ, ಬೈಲಹೊಂಗಲ, ಮುರಗೋಡ ಕಡೆಯ ರಸ್ತೆಗಳಲ್ಲಿ ಮನೆಗಳು ಓಡಾಡತೊಡಗುತ್ತವೆ. ಟ್ರ್ಯಾಕ್ಟರ್ ಟ್ರೇಲರ್‌ಗೆ ಬಿದಿರಿನ ಗಳ ಬಾಗಿಸಿ ಕಟ್ಟಿ, ಮೇಲೆ ತಾಡಪತ್ರಿ ಹೊದಿಸಿ, ಒಳಗೆ ಹುಲ್ಲು ಹರವಿ, ಹುಲ್ಲಿನ ಮೇಲೆ ಕೌದಿ ಹಾಸಿರುತ್ತಾರೆ. ಹಿಂದಿನ ಮೂಲೆಯಲ್ಲಿ ಗ್ಯಾಸ್ ಒಲೆ, ಪಕ್ಕದಲ್ಲಿ ನೀರಿನ ಬ್ಯಾರಲ್, ಬಟ್ಟೆಯಲ್ಲಿ ಸುತ್ತಿದ ಸಜ್ಜೆ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಬಿದಿರಿಗೆ ಹಳೆಯ ಸೀರೆ ಕಟ್ಟಿ ಕೂಸಿಗೊಂದು ಜೋಳಿಗೆ. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಎಳೆದ ವೈರಿಗೆ ಒಂದು ಬಲ್ಬು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಮೂರು ತಲೆಮಾರು ಅದರೊಳಗೇ ಉಂಡು, ಮಲಗಿ, ಸವದತ್ತಿಯ ಯಲ್ಲಮ್ಮನ ಗುಡ್ಡ ಮುಟ್ಟಿ, ಎರಡು ಮೂರು ದಿನ ಬೀಡುಬಿಟ್ಟು ತಿರುಗಿ ಬರುತ್ತಾರೆ.

ಇತ್ತೀಚೆಗೆ ಬೆಂಗಳೂರು, ಪುಣೆ ಕಡೆಯಿಂದ ಬರುವ ಮೋಟಾರ್‌ಹೋಮ್‌ಗಳೂ ಹೆದ್ದಾರಿಯಲ್ಲಿ ಕಣ್ಣಿಗೆ ಬೀಳುತ್ತಿವೆ. ಟೆಂಪೊ ಟ್ರಾವೆಲರ್‌ನಂಥ ಗಾಡಿಯ ಸೀಟು ಕಿತ್ತು ಹಾಸಿಗೆ, ಅಡುಗೆ ಕಟ್ಟೆ, ಶೌಚಾಲಯ ಕೂರಿಸಿದ ವಾಹನಗಳವು. ನೋಡಿದವರು ಅದನ್ನು ಹೊರಗಿನಿಂದ ಬಂದ ಹೊಸ ಶೋಕಿ ಎಂದುಕೊಳ್ಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಗುಡ್ಡಕ್ಕೆ ಹೋಗುವ ಟ್ರೇಲರಿಗೂ ಈ ಗಾಡಿಗೂ ದಿನ ಬೆಳಗಾದರೆ ಬೇಕಾದದ್ದು ಒಂದೇ: ನೀರು, ಬೆಳಕು, ಹೊಲಸು ಚೆಲ್ಲಲು ಒಂದು ಜಾಗ, ರಾತ್ರಿ ಹೆದರಿಕೆ ಇಲ್ಲದೆ ನಿಲ್ಲಲು ಒಂದು ಬಯಲು. ಮೊದಲ ಎರಡನ್ನು ಗಾಡಿಯಲ್ಲೇ ಒಂದಷ್ಟು ಹೊತ್ತು ಒಯ್ಯಬಹುದು. ಕೊನೆಯ ಎರಡನ್ನು ಊರು ಕೊಡಬೇಕು. ಗಾಲಿ ಮೇಲಿನ ಮನೆಯ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಗಾಡಿಯ ಸುತ್ತಲೇ ಸುತ್ತುತ್ತದೆ, ಊರಿನ ತನಕ ಬರುವುದೇ ಇಲ್ಲ.

ನೀರಿನಿಂದ ಶುರು ಮಾಡೋಣ. ಮೋಟಾರ್‌ಹೋಮ್‌ನಲ್ಲಿ ಸಾಮಾನ್ಯವಾಗಿ 100 ಲೀಟರಿನ ಆಸುಪಾಸಿನ ಟ್ಯಾಂಕು ಇರುತ್ತದೆ. ಮನೆಯಲ್ಲಿ ಷವರ್ ಬಿಟ್ಟರೆ ನಿಮಿಷಕ್ಕೆ 8ರಿಂದ 10 ಲೀಟರ್ ಹರಿದುಹೋಗುತ್ತದೆ. ಹಾಗೆ ಬಳಸಿದರೆ ಇಬ್ಬರ ಸ್ನಾನಕ್ಕೇ ಟ್ಯಾಂಕು ಬರಿದು. ಆದ್ದರಿಂದ ಗಾಡಿಯಲ್ಲಿ ಬಾಳುವವರು ಮೈ ಒದ್ದೆ ಮಾಡಿ ನಲ್ಲಿ ನಿಲ್ಲಿಸುತ್ತಾರೆ, ಸೋಪು ಹಚ್ಚಿ ಮತ್ತೆ ಬಿಡುತ್ತಾರೆ. ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯುತ್ತಾರೆ. ಸವದತ್ತಿ, ರಾಮದುರ್ಗ ಸೀಮೆಯ ಹೆಣ್ಣುಮಕ್ಕಳಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೊಡ ತುಂಬಿಸಿಕೊಂಡವರು ಅವರು. ಯಲ್ಲಮ್ಮನ ಕಥೆಯ ಹೊಟ್ಟೆಯಲ್ಲೂ ಇರುವುದು ನೀರೇ. ಮಲಪ್ರಭೆಯ ಮರಳಿನಲ್ಲಿ ದಿನಾ ಹೊಸ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ಜಮದಗ್ನಿಯ ಪೂಜೆಗೆ ನೀರು ಹೊತ್ತು ತರುತ್ತಿದ್ದ ರೇಣುಕೆಗೆ ಒಂದು ದಿನ ಆ ಕೊಡ ನಿಲ್ಲಲಿಲ್ಲ, ಮುಂದಿನ ಕಷ್ಟವೆಲ್ಲ ಅಲ್ಲಿಂದ ಬಂತು. ಇವತ್ತಿಗೂ ಭಕ್ತರು ಜೋಗುಳಬಾವಿಯಲ್ಲಿ ಮಿಂದು, ಸತ್ಯೆಮ್ಮನಿಗೆ ಕೈಮುಗಿದು ಗುಡ್ಡ ಹತ್ತುತ್ತಾರೆ. ಮೇಲೆ ಎಣ್ಣೆಹೊಂಡದಲ್ಲಿ ಮತ್ತೊಮ್ಮೆ ಮೀಯುತ್ತಾರೆ. ಯಾತ್ರೆಯ ಒಂದೊಂದು ಮೆಟ್ಟಿಲೂ ನೀರಿರುವ ಜಾಗಕ್ಕೇ ಗಂಟು ಬಿದ್ದಿದೆ.

ವಿದ್ಯುತ್ತಿನ ಲೆಕ್ಕ ಇನ್ನೂ ಸರಳ. ಮೋಟಾರ್‌ಹೋಮ್‌ಗೆ ಎಂಜಿನ್ ಚಾಲೂ ಮಾಡುವ ಬ್ಯಾಟರಿ ಒಂದು, ಮನೆ ನಡೆಸುವ ಬ್ಯಾಟರಿ ಬೇರೊಂದು. 12 ವೋಲ್ಟಿನ, 100 ಆಂಪಿಯರ್ ಅವರ್ ಬ್ಯಾಟರಿ ಪೂರ್ತಿ ತುಂಬಿದರೆ ಅದರಲ್ಲಿ ಸುಮಾರು 1200 ವಾಟ್ ಅವರ್ ಇರುತ್ತದೆ. ಎಲ್‌ಇಡಿ ದೀಪ, ಒಂದು ಸಣ್ಣ ಫ್ಯಾನು, ಮೊಬೈಲು, ಚಿಕ್ಕ ಫ್ರಿಜ್ಜು, ಇಷ್ಟಕ್ಕೆ ಅದು ಒಂದು ದಿನ ಆರಾಮಾಗಿ ಸಾಕು. ಛಾವಣಿಗೆ 200 ವಾಟಿನ ಸೋಲಾರ್ ಹಲಗೆ ಹಾಕಿದರೆ ನಮ್ಮ ಬಿಸಿಲಿಗೆ ದಿನಕ್ಕೆ 800ರಿಂದ 1000 ವಾಟ್ ಅವರ್ ಮರಳಿ ತುಂಬಿಕೊಳ್ಳುತ್ತದೆ. ಆದರೆ ಒಂದು ಟನ್ನಿನ ಎಸಿ ಹಚ್ಚಿದರೆ ಅದೇ ಬ್ಯಾಟರಿ ಒಂದು ತಾಸಿನಲ್ಲಿ ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇತ್ತ ಬರುವವರು ಇದನ್ನು ಮೊದಲೇ ತಿಳಿದಿರಬೇಕು. ಸೋಲಾರ್ ನೆಚ್ಚಿ ರಾತ್ರಿಯಿಡೀ ತಂಪಾಗಿ ಮಲಗುತ್ತೇವೆ ಎನ್ನುವುದು ಆಗದ ಮಾತು. ಬೇವಿನ ನೆರಳಿಗೆ ಗಾಡಿ ಹಚ್ಚಿದರೆ ಹಲಗೆಗೆ ಬಿಸಿಲಿಲ್ಲ, ಬಿಸಿಲಿಗೆ ಹಚ್ಚಿದರೆ ಒಳಗೆ ಕೂಡಲಾಗದು. ಈ ಇಕ್ಕಟ್ಟಿನಲ್ಲಿ ನನ್ನ ಮತ ಬೇವಿನ ಕಡೆಗೆ.

ಹೊಲಸಿನ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆದರೆ ಈ ಬದುಕಿನ ಅಸಲು ಕಷ್ಟ ಇರುವುದೇ ಅಲ್ಲಿ. ಗಾಡಿಯಲ್ಲಿ ಎರಡು ಬಗೆಯ ಕೊಳೆನೀರು ಕೂಡುತ್ತದೆ. ಪಾತ್ರೆ ತೊಳೆದ, ಮೈ ತೊಳೆದ ನೀರು ಒಂದು, ಶೌಚದ್ದು ಇನ್ನೊಂದು. ಸಣ್ಣ ಗಾಡಿಗಳಲ್ಲಿ ಶೌಚದ್ದು 20 ಲೀಟರಿನ ಡಬ್ಬಿಯಲ್ಲಿ ಸೇರುತ್ತದೆ. ಇಬ್ಬರಿಗೆ ಅದು ಹೆಚ್ಚೆಂದರೆ ಮೂರು ನಾಲ್ಕು ದಿನ. ತುಂಬಿದ ಮೇಲೆ ಒಯ್ದು ಚೆಲ್ಲಲು ಒಳಚರಂಡಿ ಬೇಕು ಇಲ್ಲವೇ ಸೆಪ್ಟಿಕ್ ಟ್ಯಾಂಕಿನ ಬಾಯಿ ಬೇಕು. ಜರ್ಮನಿ, ಫ್ರಾನ್ಸ್‌ಗಳಲ್ಲಿ ಸಣ್ಣ ಸಣ್ಣ ಪಟ್ಟಣಗಳ ನಗರಸಭೆಗಳೂ ಊರ ಅಂಚಿನಲ್ಲಿ ಇದಕ್ಕೆಂದೇ ಕಟ್ಟೆ ಕಟ್ಟಿಸಿವೆ. ನಾಣ್ಯ ಹಾಕಿದರೆ ನೀರು ಬರುತ್ತದೆ, ಪಕ್ಕದ ಗುಂಡಿಗೆ ಕೊಳೆ ಸುರಿದು ತೊಳೆದು ಹೋಗಬಹುದು. ರಾತ್ರಿ ನಿಂತವರು ಬೆಳಗ್ಗೆ ಆ ಊರಿನ ಬೇಕರಿಯಲ್ಲಿ ಬ್ರೆಡ್ಡು ಕೊಳ್ಳುತ್ತಾರೆ, ಊರಿಗೂ ನಾಲ್ಕು ಕಾಸು. ನಮ್ಮಲ್ಲಿ ಆ ಡಬ್ಬಿ ಎಲ್ಲಿಗೆ ಹೋಗಬೇಕು? ಹಳ್ಳಕ್ಕೆ ಹೋದರೆ ಮಲಪ್ರಭೆಗೆ ಹೋಯಿತು. ಮಲಪ್ರಭೆಗೆ ಹೋದರೆ ನವಿಲುತೀರ್ಥದ ರೇಣುಕಾಸಾಗರಕ್ಕೆ ಹೋಯಿತು. ಅದೇ ಜಲಾಶಯದ ನೀರನ್ನು ಹುಬ್ಬಳ್ಳಿ ಧಾರವಾಡದವರು ಕುಡಿಯುತ್ತಾರೆ.

ಗಾಲಿ ಮೇಲಿನ ಮನೆ ಹೊರಗಿನಿಂದ ಬಂದ ಹೊಸ ಶೋಕಿಯಲ್ಲ ಎಂದೆನಲ್ಲ. ಇಂಗ್ಲೆಂಡಿನಲ್ಲಿ ವಿಹಾರಕ್ಕೆಂದೇ ಕಟ್ಟಿಸಿದ ಗಾಲಿಮನೆಗಳ ಚರಿತ್ರೆ ಬರೆಯುವವರು ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾಪಡೆ ವೈದ್ಯನಿಂದ ಶುರು ಮಾಡುತ್ತಾರೆ. 1885ರಲ್ಲಿ ಆತ ಬ್ರಿಸ್ಟಲ್‌ನ ಗಾಡಿ ಕಾರ್ಖಾನೆಯಲ್ಲಿ ‘ವಾಂಡರರ್’ ಎಂಬ ಎರಡು ಕುದುರೆಯ ಮರದ ಮನೆ ಮಾಡಿಸಿ, ಇಂಗ್ಲೆಂಡಿನ ದಕ್ಷಿಣದಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ ತನಕ ಹೋದ. ಅದೊಂದು ಚೆಂದದ ಸಾಹಸ, ಅನುಮಾನವಿಲ್ಲ. ಆದರೆ ಅದಕ್ಕೂ ಎಷ್ಟೋ ಮುಂಚಿನಿಂದ ನಮ್ಮ ಸೀಮೆಯ ಒಕ್ಕಲಿಗರು ಕಮಾನು ಕಟ್ಟಿದ ಸವಾರಿ ಬಂಡಿಯಲ್ಲಿ ಇಡೀ ಸಂಸಾರ ಹೇರಿಕೊಂಡು ಜಾತ್ರೆಗೆ ಹೋಗುತ್ತಿದ್ದರು. ಬಂಡಿಯ ಕೆಳಗೆ ಕಟ್ಟಿದ ಬಲೆಯಲ್ಲಿ ಎತ್ತಿನ ಕಣಿಕೆ, ಅಚ್ಚಿನ ಹತ್ತಿರ ತೂಗುವ ಕೀಲೆಣ್ಣೆಯ ಗೊಟ್ಟ, ಹಿಂದೆ ನೀರಿನ ಕೊಡ, ಮೇಲೆ ಜಮಖಾನೆ. ಎತ್ತಿಗೆ ಹಣೆಪಟ್ಟಿ, ಕೊರಳಿಗೆ ಗೆಜ್ಜೆಸರ. ಬಂಡಿಗಳು ಸಾಲುಸಾಲಾಗಿ ‘ಉಧೋ ಉಧೋ’ ಎನ್ನುತ್ತ ಸಾಗುವುದನ್ನು ಕಂಡವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಈಗಲೂ ಹಟ ಹಿಡಿದು ಎತ್ತಿನ ಬಂಡಿಯಲ್ಲೇ ಗುಡ್ಡಕ್ಕೆ ಹೋಗುವ ಮನೆತನಗಳಿವೆ, ಹರಕೆ ಹೊತ್ತದ್ದು ಬಂಡಿಯ ಮೇಲೆ ಎಂಬ ಕಾರಣಕ್ಕೆ.

ಬಂಡಿಯ ಕಾಲದ ಒಂದು ಸಂಗತಿಯನ್ನು ನಾವು ಸರಿಯಾಗಿ ನೆನೆಯುವುದಿಲ್ಲ. ಎತ್ತು ದಿನಕ್ಕೆ 20, 25 ಕಿಲೊಮೀಟರಿಗಿಂತ ಹೆಚ್ಚು ಎಳೆಯಲಾರದು. ಹಾಗಾಗಿ ದಾರಿಯ ಉದ್ದಕ್ಕೂ ಇಳಿಯುವ ಜಾಗಗಳು ತಾವಾಗಿಯೇ ಹುಟ್ಟಿಕೊಂಡಿದ್ದವು: ಒಂದು ಬಾವಿ, ನಾಲ್ಕು ಹುಣಸೆ ಮರ, ಊರ ಅಗಸಿಯ ಹೊರಗಿನ ಬಯಲು, ಮೂರು ಕಲ್ಲಿನ ಒಲೆ ಮಾಡಿ ಬಿಟ್ಟುಹೋದ ಕರಿ ನೆಲ. ಊರವರು ಬಂದು ಕಣಿಕೆ ಬೇಕೇ, ಮೊಸರು ಬೇಕೇ ಎಂದು ಕೇಳುತ್ತಿದ್ದರು. ಒಂದೊಂದು ಊರಿನ ಪರಿಸೆಗೂ ಒಂದೊಂದು ಖಾಯಂ ಜಾಗ. ಟ್ರ್ಯಾಕ್ಟರ್ ಬಂದ ಮೇಲೆ ಎರಡು ದಿನದ ದಾರಿ ಎರಡು ಮೂರು ತಾಸಿಗೆ ಇಳಿಯಿತು. ನಡುವಿನ ತಂಗುಜಾಗಗಳು ಒಂದೊಂದಾಗಿ ಹೊಲ ಸೇರಿದವು, ಪ್ಲಾಟ್ ಆದವು, ಬಾವಿಗಳು ಕಸ ತುಂಬಿಕೊಂಡವು. ಮೊದಲು ದಾರಿಯುದ್ದಕ್ಕೂ ಹಂಚಿಹೋಗುತ್ತಿದ್ದ ಜನ, ನೀರು, ಹೊಲಸಿನ ಭಾರವೆಲ್ಲ ಈಗ ಒಂದೇ ದಿನ ಉಗರಗೋಳದ ಆಚೀಚೆ ಮತ್ತು ಗುಡ್ಡದ ಮೇಲೆ ಬಂದು ಬೀಳುತ್ತದೆ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭರತ ಹುಣ್ಣಿಮೆ, ದವನದ ಹುಣ್ಣಿಮೆ, ಡಿಸೆಂಬರಿನಿಂದ ಏಪ್ರಿಲ್ ತನಕ ಮತ್ತೆ ಮತ್ತೆ ಇದೇ ನಡೆಯುತ್ತದೆ. ಮಹಾರಾಷ್ಟ್ರ, ಗೋವೆಯಿಂದ ಬರುವವರು ಬೇರೆ. ದಾರಿ ಚಿಕ್ಕದಾದಷ್ಟೂ ತಂಗುವ ಜಾಗದ ಕೊರತೆ ದೊಡ್ಡದಾಯಿತು.

ಇಷ್ಟು ಕಷ್ಟ ಯಾಕೆ, ಬಸ್ಸಿಗೆ ಹೋಗಿ ಬರಬಾರದೇ ಎಂದು ಕೇಳುವವರಿದ್ದಾರೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಜಾತ್ರೆಗೆ ವಿಶೇಷ ಬಸ್ಸು ಬಿಡುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಟಿಕೆಟ್ ದುಡ್ಡಿನ ಚಿಂತೆ ಇಲ್ಲದೆ ಗುಡ್ಡಕ್ಕೆ ಹೋಗುತ್ತಿದ್ದಾರೆ. ಅದರಲ್ಲಿ ನನಗೆ ನಿಜವಾದ ಸಂತೋಷವಿದೆ. ಆದರೆ ಯಲ್ಲಮ್ಮನ ಸೇವೆ ಬರೀ ದರ್ಶನಕ್ಕೆ ಮುಗಿಯುವಂಥದ್ದಲ್ಲ. ಅಲ್ಲೇ ಒಲೆ ಹೂಡಬೇಕು, ಹೋಳಿಗೆ ಕಡಬು ಮಾಡಬೇಕು, ಪಡ್ಡಲಗಿ ತುಂಬಿಸಬೇಕು, ಜೋಗಮ್ಮನನ್ನು ಕರೆದು ಉಣಿಸಬೇಕು, ಬಂಧುಬಳಗ ಒಟ್ಟಿಗೆ ಕೂತು ಉಣ್ಣಬೇಕು. ಹಿಟ್ಟು, ಬೇಳೆ, ಬೆಲ್ಲ, ಹಂಚು, ಲಟ್ಟಣಿಗೆ, ಹತ್ತು ಜನರ ಹಾಸಿಗೆ ಇವನ್ನೆಲ್ಲ ಬಸ್ಸಿನಲ್ಲಿ ಹೇರಲಾಗದು. ಮನೆಯನ್ನೇ ಒಯ್ಯಬೇಕಾಗುತ್ತದೆ, ಅದಕ್ಕೆ ಟ್ರೇಲರ್.

ಟ್ರೇಲರಿನಲ್ಲಿ ಜನರನ್ನು ಒಯ್ಯುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ, ಇರಬಾರದು ಕೂಡ. 2023ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನ ಚುಂಚನೂರಿನ ಹತ್ತಿರ, ಗುಡ್ಡಕ್ಕೆ ಹೊರಟ ಹುಲಕುಂದ ಗ್ರಾಮದ ಭಕ್ತರಿದ್ದ ಸರಕು ವಾಹನ ಆಲದ ಮರಕ್ಕೆ ಬಡಿದು 6 ಮಂದಿ ಸತ್ತರು. ಹುಣ್ಣಿಮೆ ಬಂದಾಗಲೆಲ್ಲ ಆ ಸುದ್ದಿ ನೆನಪಾಗಿ ಸಂಕಟವಾಗುತ್ತದೆ. ಸಾಮಾನು ಟ್ರೇಲರಿನಲ್ಲಿ, ಜನ ಬಸ್ಸಿನಲ್ಲಿ ಎಂಬ ಏರ್ಪಾಡು ಕಷ್ಟವೇನಲ್ಲ. ಆದರೆ ಟ್ರೇಲರ್ ಎಲ್ಲಿ ನಿಂತಿದೆ, ನಮ್ಮ ಒಲೆ ಯಾವ ಸಾಲಿನಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ ಮಾತ್ರ ಅಜ್ಜಿ ಧೈರ್ಯವಾಗಿ ಬಸ್ಸು ಹತ್ತಿಯಾಳು. ಗದ್ದಲದಲ್ಲಿ ತಪ್ಪಿಸಿಕೊಳ್ಳುವ ಭಯಕ್ಕೇ ಎಲ್ಲರೂ ಒಂದೇ ಗಾಡಿಯಲ್ಲಿ ಒತ್ತಿಕೊಂಡು ಕೂರುವುದು.

ಮೋಟಾರ್‌ಹೋಮ್ ಮಾಡಿಸುವವರಿಗೂ ಕಾನೂನಿನ ಮಾತು ನಾಲ್ಕಿವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿ ಬರೆದ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಹಳೆಯ ವ್ಯಾನು ಕೊಂಡು ಗ್ಯಾರೇಜಿನಲ್ಲಿ ಹಾಸಿಗೆ, ಒಲೆ ಕೂರಿಸಿ ಹೊರಟರೆ ಆರ್‌ಟಿಒ ಹಿಡಿಯಬಹುದು, ಅಪಘಾತವಾದಾಗ ವಿಮೆಯವರು ತಕರಾರು ಎತ್ತಬಹುದು. ಮೋಟಾರ್ ಕ್ಯಾರವಾನ್‌ಗಳಿಗೆಂದೇ ಎಐಎಸ್ 124 ಎಂಬ ಮಾನದಂಡ ಇದೆ. ಅದರಂತೆ ಮಾಡಿಕೊಡುವವರ ಕಡೆಗೆ ಹೋಗುವುದು ಒಳ್ಳೆಯದು. ಲೈಸೆನ್ಸಿನ ಗೊಂದಲ ಈಗ ಕಡಿಮೆಯಾಗಿದೆ: 7500 ಕೆ.ಜಿ.ಗಿಂತ ಕಡಿಮೆ ತೂಕದ ಗಾಡಿಗೆ ಹಗುರ ವಾಹನದ ಲೈಸೆನ್ಸೇ ಸಾಕೆಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಗ್ಯಾಸ್ ಸಿಲಿಂಡರ್ ಗಾಡಿಯೊಳಗೆ ಇರುವಾಗ ಕೆಳಮಟ್ಟದಲ್ಲಿ ಗಾಳಿ ಕಿಂಡಿ ಕಡ್ಡಾಯವಾಗಿ ಇರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೇ ಕೂರುತ್ತದೆ. ಟ್ರೇಲರಿನಲ್ಲಿ ಹುಲ್ಲಿನ ಪಕ್ಕ ಒಲೆ ಇಡುವವರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ಇತ್ತ ಬರುವವರಿಗೆ ನೋಡಲು ಕೊರತೆ ಏನಿಲ್ಲ. ಹೆದ್ದಾರಿಯ ಪಕ್ಕದ ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ಸೈನ್ಯ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವಿದ ಕೋಟೆ. ಬೈಲಹೊಂಗಲದಲ್ಲಿ ಆಕೆಯ ಸಮಾಧಿ. ಸಂಗೊಳ್ಳಿಯಲ್ಲಿ ರಾಯಣ್ಣನ ಸ್ಮಾರಕಗಳು ಮತ್ತು ಸೈನಿಕ ಶಾಲೆ. ಜನವರಿಯಲ್ಲಿ ಸಂಗೊಳ್ಳಿ ಉತ್ಸವ. ಮುಂದೆ ಸೊಗಲದ ಸೋಮೇಶ್ವರ, ನವಿಲುತೀರ್ಥ, ಹೂಲಿಯ ಪಂಚಲಿಂಗೇಶ್ವರ, ಶಿರಸಂಗಿಯ ಕಾಳಿಕೆ, ಸುರೇಬಾನದ ಶಬರಿಕೊಳ್ಳ, ಗೊಡಚಿಯ ವೀರಭದ್ರ. ಕಾರಿನಲ್ಲಿ ಬಂದವರು ಇದನ್ನೆಲ್ಲ ಒಂದು ದಿನಕ್ಕೆ ಮುಗಿಸಿ ಹುಬ್ಬಳ್ಳಿಯ ಹೋಟೆಲಿಗೆ ಓಡುತ್ತಾರೆ. ಗಾಡಿಯಲ್ಲೇ ಮನೆ ಇದ್ದವರು ನಿಂತು ನೋಡಬಹುದು.

ನಿಲ್ಲುವ ಮುಂಚೆ ನೆಲ ನೋಡಬೇಕು. ಸವದತ್ತಿ, ಬೈಲಹೊಂಗಲದ ಬಹುಪಾಲು ಎರೆ ಭೂಮಿ. ಬೇಸಿಗೆಯಲ್ಲಿ ಸಿಮೆಂಟಿನಷ್ಟು ಗಟ್ಟಿ ಕಾಣುವ ನೆಲ ಒಂದು ಮಳೆ ಬಿದ್ದರೆ ಮೂರು ಟನ್ನಿನ ಗಾಡಿಯನ್ನು ಅಚ್ಚಿನ ತನಕ ನುಂಗುತ್ತದೆ, ಹೊರಗೆ ಎಳೆಯಲು ಮತ್ತೆ ಟ್ರ್ಯಾಕ್ಟರೇ ಬರಬೇಕು. ರಸ್ತೆ ಬದಿಯ ಮೊರಂ ಬಿಟ್ಟು ಕೆಳಗಿಳಿಸಬಾರದು. ನವೆಂಬರಿನಿಂದ ಮಾರ್ಚ್ ತನಕ ರಾತ್ರಿ ಓಡಿಸದಿರುವುದೇ ಕ್ಷೇಮ: ಎರಡೆರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರುಗಳಿಗೆ ಹಿಂದಿನ ದೀಪ ಇರುವುದೇ ಅಪರೂಪ. ಹಳ್ಳಿಯೊಳಗೆ ನುಗ್ಗುವ ಮುಂಚೆ ಜೋತುಬಿದ್ದ ಕರೆಂಟಿನ ತಂತಿಯ ಕಡೆ ಕಣ್ಣಿರಲಿ. ಎಲ್ಲೇ ನಿಲ್ಲಲಿ, ಮೊದಲು ಕೇಳಬೇಕು. ಶಾಲೆಯ ಬಯಲಿರಲಿ, ಗುಡಿಯ ಅಂಗಳವಿರಲಿ, ಕಟ್ಟೆಯ ಮೇಲೆ ಕೂತ ಹಿರಿಯರ ಮುಂದೆ ಹೋಗಿ “ಯಜಮಾನ್ರ, ರಾತ್ರಿ ಇಲ್ಲೇ ಗಾಡಿ ನಿಂದ್ರಸ್ತೇವ್ರಿ, ನಡಿತೈತೇನ್ರಿ?” ಎಂದರೆ, “ನಿಂದ್ರಸ್ರಿ, ಅದಕ್ಕೇನ್ ಕೇಳ್ತೀರಿ, ಊಟಾ ಆಗೇತೇನ್ರಿ?” ಎಂಬ ಉತ್ತರವೇ ಬರುತ್ತದೆ. ಈ ಸೀಮೆಯ ಜನರ ಮೇಲೆ ನನಗೆ ಅಷ್ಟು ಭರವಸೆ ಇದೆ. ಆದರೆ ಜನರ ಒಳ್ಳೆಯತನ ಶೌಚಾಲಯ ಕಟ್ಟಿಸಿಕೊಡಲಾರದು. ಒಂದು ಗಾಡಿ ಬಂದಾಗ ನಡೆಯುವ ಉಪಚಾರ ಹತ್ತು ಗಾಡಿ ಬಂದಾಗ ನಡೆಯುವುದೂ ಇಲ್ಲ.

ಗಾಲಿ ಮೇಲಿನ ಬದುಕನ್ನು ಬಯಸಿ ಪಡೆಯದವರೂ ನಮ್ಮ ನಡುವೆ ಇದ್ದಾರೆ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ಸೇರಿ ಜಿಲ್ಲೆಯ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದೊಡನೆ, ವಿಜಯಪುರದ ಕಡೆಯಿಂದಲೂ ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ಕಬ್ಬು ಕಡಿಯುವ ಗ್ಯಾಂಗುಗಳು ಟ್ರ್ಯಾಕ್ಟರು, ಚಕ್ಕಡಿಗಳಲ್ಲಿ ಸಂಸಾರ ಸಮೇತ ಬಂದಿಳಿಯುತ್ತವೆ. ನಾಲ್ಕೈದು ತಿಂಗಳು ಹೊಲದ ಬದುವಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಜೋಪಡಿ, ಒಂದು ಹೊಲ ಮುಗಿದರೆ ಮುಂದಿನ ಹೊಲಕ್ಕೆ. ಹೆಂಗಸರು ಬೆಳಗಾಗುವ ಮುಂಚೆ ಬಯಲಿಗೆ ಹೋಗಿ ಬಂದು, ರೊಟ್ಟಿ ಬಡಿದು, ಕೂಸನ್ನು ಕಬ್ಬಿನ ನೆರಳಿಗೆ ಮಲಗಿಸಿ ಕೊಯ್ತಾ ಹಿಡಿಯುತ್ತಾರೆ. ಅವರ ಮಕ್ಕಳು ಈ ತಿಂಗಳುಗಳಲ್ಲಿ ಶಾಲೆಯ ಮುಖ ನೋಡುವುದು ಕಷ್ಟ. ಕ್ಯಾರವಾನ್ ಪ್ರವಾಸದ ಕನಸು ಕಾಣುವಾಗ ಇವರನ್ನು ಬಿಟ್ಟು ಮಾತಾಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಒಂದು ನಲ್ಲಿ, ಬಾಗಿಲಿರುವ ಒಂದು ಶೌಚಾಲಯ ಅತಿ ತುರ್ತಾಗಿ ಬೇಕಿರುವುದು ಈ ಹೆಣ್ಣುಮಕ್ಕಳಿಗೆ.

ಕೇರಳ 2021ರಲ್ಲಿ ಕ್ಯಾರವಾನ್ ನೀತಿ ತಂದು, ಮರುವರ್ಷ ವಾಗಮಣ್‌ನಲ್ಲಿ ಮೊದಲ ಕ್ಯಾರವಾನ್ ಪಾರ್ಕ್ ತೆರೆಯಿತು. ನಮ್ಮ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನಿನ ಮಾತಿದೆ. ಪಾರ್ಕ್ ಎಂದಾಕ್ಷಣ ಹುಲ್ಲುಹಾಸು, ಕಾರಂಜಿ, ಬೇಲಿ, ಬಾಡಿಗೆ ಎಂದು ಯೋಚಿಸುವುದು ನಮ್ಮ ಸೀಮೆಗೆ ಒಗ್ಗದು. ಇಲ್ಲಿ ಬೇಕಾದದ್ದು ಮೊರಂ ಹಾಕಿ ಗಟ್ಟಿ ಮಾಡಿದ ನಾಲ್ಕೆಕರೆ ಬಯಲು. ಸಾಲಿಗೆ ನಂಬರು, ಸಾಲಿಗೊಂದು ನಲ್ಲಿ, ಕಲ್ಲಿನ ಒಲೆಗಳು, ಎತ್ತಿಗೆ ನೀರಿನ ದೋಣಿ, ಹೆಂಗಸರಿಗೆ ಸ್ನಾನದ ಮರೆ, ರಾತ್ರಿಯಿಡೀ ಉರಿಯುವ ದೀಪ, ಕೊಳೆ ಸುರಿಯಲು ಸೆಪ್ಟಿಕ್ ಟ್ಯಾಂಕಿಗೆ ಹೊರಗಿನಿಂದ ಒಂದು ಬಾಯಿ, ಕರೆಂಟಿನ ನಾಲ್ಕು ಪಾಯಿಂಟು. ಜಾತ್ರೆಯ ಹುಣ್ಣಿಮೆಗಳಿಗೆ ಅದರ ತುಂಬ ಟ್ರೇಲರು, ಬಂಡಿ. ಉಳಿದ ದಿನ ದೂರದಿಂದ ಬಂದ ಮೋಟಾರ್‌ಹೋಮ್. ಕಬ್ಬಿನ ಹಂಗಾಮಿನಲ್ಲಿ ಒಂದು ಪಾಲು ಗ್ಯಾಂಗಿನವರಿಗೆ. ಒಂದೇ ಬಯಲು ಮೂವರಿಗೂ ಆಗುತ್ತದೆ, ಯಾಕೆಂದರೆ ಮೂವರಿಗೂ ಬೇಕಾದದ್ದು ಅವೇ.

ದುಡ್ಡಿಲ್ಲ ಎನ್ನುವ ಕಾಲ ಇದಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸರಕಾರ ಸವದತ್ತಿ ಯಲ್ಲಮ್ಮನಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಅದೇ ವರ್ಷ ರಾಜ್ಯ ಸರಕಾರ ಕ್ಷೇತ್ರಕ್ಕೆಂದೇ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಯ ಕಾಯ್ದೆ ತಂದಿತು. ಆ ಹಣದ ಸ್ವಲ್ಪ ಪಾಲು ಗುಡ್ಡದ ಮೇಲೆ ಸುರಿಯದೆ ದಾರಿಗೆ ಬರಬೇಕೆಂಬುದು ನನ್ನ ಬೇಡಿಕೆ. ಸಂಗೊಳ್ಳಿ, ಬೈಲಹೊಂಗಲದ ಕಡೆಯಿಂದ ಬರುವವರಿಗೆ ಒಂದು, ರಾಮದುರ್ಗದ ಕಡೆಯಿಂದ ಬರುವವರಿಗೆ ಒಂದು, ಕಿತ್ತೂರಿನ ಹೆದ್ದಾರಿಗೆ ಅಂಟಿ ಒಂದು, ಉಗರಗೋಳದಲ್ಲಿ ದೊಡ್ಡದೊಂದು. ಜಾಗ ಗ್ರಾಮ ಪಂಚಾಯಿತಿಯದು, ನೋಡಿಕೊಳ್ಳುವುದು ಊರಿನ ಸ್ತ್ರೀಶಕ್ತಿ ಸಂಘ, ಗಾಡಿಗಿಷ್ಟು ಎಂದು ಶುಲ್ಕ. ಟ್ರೇಲರಿನವರಿಗೆ ಕಡಿಮೆ, ಮೋಟಾರ್‌ಹೋಮ್‌ಗೆ ಹೆಚ್ಚು, ಕಬ್ಬಿನ ಗ್ಯಾಂಗಿನ ಪಾಲನ್ನು ಕಾರ್ಖಾನೆ ಕಟ್ಟಲಿ. ಸಂಘದವರೇ ಬಿಸಿ ರೊಟ್ಟಿ, ಪುಂಡಿಪಲ್ಲೆ ಮಾರಲಿ. ಎರೆ ನೆಲ ಆರುವುದು ದೀಪಾವಳಿಯ ಹೊತ್ತಿಗೆ, ಹೊಸ್ತಿಲ ಹುಣ್ಣಿಮೆ ಬರುವುದು ಅಲ್ಲಿಂದ ಸುಮಾರು ಒಂದೂವರೆ ತಿಂಗಳಿಗೆ. ಮೊರಂ ಹಾಕಿ, ಪೈಪು ಎಳೆದು, ಉಗರಗೋಳದ ಒಂದು ಬಯಲನ್ನಾದರೂ ಸಜ್ಜು ಮಾಡಲು ಅಷ್ಟು ದಿನ ಸಾಕು, ಟೆಂಡರಿನ ಕಾಗದಪತ್ರ ಮಳೆಗಾಲದಲ್ಲೇ ಮುಗಿದಿದ್ದರೆ.